ಬೆರಳುದ್ದದ ರಾವುತರು

ಚಿತ್ರದುರ್ಗದ ನಮ್ಮ ಮನೆಯ ಊಟದ ಮೇಜಿನ ಮೇಲೆ 1779ರ ಮುತ್ತಿಗೆಯನ್ನು ಮತ್ತೊಮ್ಮೆ ಹೂಡುವುದೆಂದು ನಿಶ್ಚಯಿಸಿ, ನಾನೂ ದಾವಣಗೆರೆಯ ಗೆಳೆಯನೂ ಸೇರಿ ಹೈದರಾಲಿಯ ಪಾಳೆಯಕ್ಕೆ ಹನ್ನೆರಡು ಮಂದಿ ಲೋಹದ ರಾವುತರನ್ನು ತರಿಸಿಕೊಂಡೆವು. ಹೆಬ್ಬಂಡೆಗಳ ನಡುವೆ ಕಟ್ಟಿದ ಏಳುಸುತ್ತಿನ ಕೋಟೆಯೆದುರು ಕುದುರೆಗೇನು ಕೆಲಸವೆಂದು ಮನೆಯವರು ಕೇಳಿದ್ದು ನ್ಯಾಯವೇ. ಆದರೆ ಯುದ್ಧದಾಟದ ಹುಚ್ಚಿನವರಿಗೆ ಕುದುರೆಯಿಲ್ಲದ ಸೈನ್ಯವೆಂದರೆ ಒಗ್ಗರಣೆಯಿಲ್ಲದ ಸಾರು.

ಇವು 28 ಮಿಲಿಮೀಟರ್ ಅಳತೆಯವು. ನಿಂತ ಆಳಿನ ಅಂಗಾಲಿನಿಂದ ಕಣ್ಣಿನವರೆಗೆ ಅಷ್ಟೆಂದು ಲೆಕ್ಕ. ಗೆಳೆಯ ಭೂತಗನ್ನಡಿ ಹಿಡಿದು ರುಮಾಲಿನ ಸುತ್ತು, ಕತ್ತಿಯ ಹಿಡಿ, ಅಂಗಿಯ ಗುಂಡಿಗಳನ್ನು ಎಣಿಸಿ ಅಂಕ ಹಾಕತೊಡಗಿದ. ನಾನಾದರೋ ಗೊಂಬೆಯನ್ನು ಆಟದಲ್ಲಿ ಕಾಣುವಂತೆಯೇ ಮೂರಡಿ ದೂರದಲ್ಲಿಟ್ಟು, ಮೊದಲು ಕುದುರೆಯ ಕಾಲು ನೋಡುವವನು. ನಾಗಾಲೋಟದ ಕುದುರೆ ಮುಂಗಾಲುಗಳನ್ನು ಮುಂದಕ್ಕೂ ಹಿಂಗಾಲುಗಳನ್ನು ಹಿಂದಕ್ಕೂ ಚಾಚಿ ತೇಲುತ್ತದೆಂದು ಚಿತ್ರಕಾರರು ಬಹುಕಾಲ ಬರೆದರು. 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ ಸಾಲುಗಟ್ಟಿ ಕ್ಯಾಮೆರಾಗಳನ್ನಿಟ್ಟು ತೆಗೆದ ಚಿತ್ರಗಳಲ್ಲಿ, ನಾಲ್ಕೂ ಗೊರಸುಗಳು ನೆಲ ಬಿಟ್ಟಾಗ ಕಾಲುಗಳು ಹೊಟ್ಟೆಯಡಿ ಮಡಚಿಕೊಂಡಿದ್ದವು. ಇಷ್ಟು ವರ್ಷಗಳಾದರೂ ನಮ್ಮ ಹನ್ನೆರಡರಲ್ಲಿ ನಾಲ್ಕು ಮರದ ತೂಗುಕುದುರೆಗಳೇ. ಹಿಂಗಾಲಿನ ಹಿಂದಕ್ಕೆ ಚಾಚಿದ ಗಿಣ್ಣು ಮನುಷ್ಯನ ಹಿಮ್ಮಡಿಗೆ ಸಮ, ಮಂಡಿಗಲ್ಲ. ಅದನ್ನು ಮರೆತ ಶಿಲ್ಪಿಯ ಕುದುರೆ ಬಸ್ಸಿಗೆ ಕಾದು ಸೋತು ಕುಕ್ಕರಿಸಿದಂತೆ ಕಾಣುತ್ತದೆ.

ಶಿಲ್ಪಿಯ ಕಷ್ಟವೂ ಇದೆ. ಎರಡು ಹೋಳಿನ ರಬ್ಬರ್ ಅಚ್ಚಿನಿಂದ ಬಿಡಿಸಿಕೊಳ್ಳಬೇಕಾದ ಗೊಂಬೆಯಲ್ಲಿ ತೋಳಿಗೂ ಎದೆಗೂ ನಡುವೆ ಗಾಳಿಯಾಡುವಷ್ಟು ಸಂದು ಬಿಡುವುದು ಸುಲಭವಲ್ಲ; ತೆಳ್ಳಗಿನ ಎರಡು ಕಾಲಿನ ಮೇಲೆ ಭಾರವೆಲ್ಲ ಹೊರಿಸಿದರೆ ಮೆತ್ತನೆಯ ಲೋಹ ಬಾಗುತ್ತದೆ. ಆದ್ದರಿಂದ ದಪ್ಪನೆಯ ಮಣಿಕಟ್ಟನ್ನೂ ಅಗಲವಾದ ಲಗಾಮನ್ನೂ ನಾನು ತಪ್ಪೆನ್ನುವುದಿಲ್ಲ. ದೂರಕ್ಕೆ ಕಾಣಬೇಕಾದ್ದು ಕೊಂಚ ಉಬ್ಬಿರಲೇಬೇಕು. ಕ್ಷಮಿಸಲಾಗದ್ದು ರಾವುತನ ಭಂಗಿ. ನಮ್ಮವರಲ್ಲಿ ಮೂವರ ತೊಡೆ ಜೀನಿಗೆ ತಾಗಿಯೇ ಇಲ್ಲ, ರಿಕಾಪಿನಲ್ಲಿ ಪಾದವಿದ್ದೂ ಅದಕ್ಕೆ ಭಾರ ಬಿದ್ದಿಲ್ಲ. ಬಟ್ಟೆಪಿನ್ನನ್ನು ಹಗ್ಗಕ್ಕೆ ಸಿಕ್ಕಿಸಿದಂತೆ ಕುದುರೆಗೆ ಸಿಕ್ಕಿಸಿದ್ದಾರೆ. ಅದರ ಮೇಲೆ, ಗಿಡ್ಡ ಮೈಕಟ್ಟಿನ ದಖ್ಖನ್ನಿನ ತಟ್ಟುವಿರಬೇಕಾದಲ್ಲಿ ಯೂರೋಪಿನ ಎತ್ತರದ ಕುದುರೆ!

ಹೋದ ಭಾನುವಾರ ಗೆಳೆಯನನ್ನು ಊರಾಚೆಯ ಒಂದು ವೀರಗಲ್ಲಿನ ಬಳಿಗೆ ಕರೆದೊಯ್ದೆ. ಆ ಕುದುರೆಯ ಎರಡೂ ಮುಂಗಾಲು ಒಟ್ಟಿಗೆ ಎದ್ದಿವೆ, ಕತ್ತು ಮೋಟು, ಮೈಬ್ರಿಜ್ ನೋಡಿದ್ದರೆ ನಕ್ಕಾನು. ಆದರೆ ಸವಾರನ ಭಾರಕ್ಕೆ ಬೆನ್ನು ಕೂದಲೆಳೆಯಷ್ಟು ಕುಸಿದಿದೆ, ಅವನ ತೊಡೆ ಅದರ ಪಕ್ಕೆಯನ್ನು ಅವುಚಿಕೊಂಡಿದೆ. ನಾನು ಇದನ್ನೆಲ್ಲ ಬಿಡಿಸಿ ಹೇಳುತ್ತಿರುವಾಗಲೇ ಗೆಳೆಯ ಜೇಬಿನಿಂದ ಭೂತಗನ್ನಡಿ ತೆಗೆದು, ಕಲ್ಲಿನ ಮೇಲೆ ಬಾಗಿ, ಗುಂಡಿಗಳನ್ನು ಹುಡುಕತೊಡಗಿದ.