ಕಿತ್ತು ಹಾಕಿದರೆ ಮುಗಿಯಲಿಲ್ಲ

ನಾಯಿಗೆ ಕಚ್ಚಿದ ಉಣುಗು ಕಿತ್ತು, ಗಾಯ ತೊಳೆದು ಔಷಧಿ ಹಚ್ಚಿದರೆ ಸಾಕು ಎಂದು ಲೇಖನದಲ್ಲಿ ಬರೆದಿದ್ದೀರಿ. ಕೀಳುವ ವಿಧಾನವನ್ನೇನೋ ಚೆನ್ನಾಗಿ ವಿವರಿಸಿದ್ದೀರಿ. ಸೀಮೆಎಣ್ಣೆ ಸುರಿಯಬೇಡಿ, ಬೆಂಕಿಕಡ್ಡಿ ತಾಗಿಸಬೇಡಿ ಎಂದಿದ್ದು ತುಂಬಾ ಒಳ್ಳೆಯದಾಯಿತು. ಆದರೆ ಆ ‘ಸಾಕು’ ಮಾತ್ರ ಒಪ್ಪಲಾರೆ.

ನಮ್ಮ ನಾಯಿಯ ಕಿವಿಯಿಂದ ಎರಡು ಉಣುಗು ತೆಗೆದಿದ್ದೆವು. ಗಾಯ ಬೇಗ ಒಣಗಿತು, ನಾವೂ ಮರೆತೆವು. ಎರಡು ವಾರ ಕಳೆದ ಮೇಲೆ ಅದು ಊಟ ಬಿಟ್ಟಿತು. ಸುಮ್ನೆ ಮೂಲೆಯಲ್ಲಿ ಮಲಗಿರುತ್ತಿತ್ತು. ಮುನಿಸಿರಬೇಕು ಅಂದುಕೊಂಡೆವು ನೋಡಿ, ಅದೇ ತಪ್ಪು! ತುಟಿ ಎತ್ತಿ ನೋಡಿದರೆ ಒಸಡು ಬಿಳಿಚಿಕೊಂಡಿತ್ತು. ರಕ್ತಪರೀಕ್ಷೆಯಲ್ಲಿ ಎರ್ಲಿಕಿಯೋಸಿಸ್ (ಉಣುಗಿನಿಂದ ಹರಡುವ ಬ್ಯಾಕ್ಟೀರಿಯಾ ಕಾಯಿಲೆ) ಎಂದು ಗೊತ್ತಾಯಿತು, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ತುಂಬಾ ಇಳಿದಿತ್ತು. ವೈದ್ಯರು ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್ ಮಾತ್ರೆ 28 ದಿನ ಕೊಟ್ಟರು. ನಾಲ್ಕೇ ದಿನಕ್ಕೆ ಅದು ಬಾಲ ಅಲ್ಲಾಡಿಸುತ್ತಾ ಓಡಾಡತೊಡಗಿತು, ಆದರೂ ಮಾತ್ರೆ ನಿಲ್ಲಿಸಲಿಲ್ಲ.

ಈ ಕಾಯಿಲೆ ಸಾಮಾನ್ಯವಾಗಿ ಕಚ್ಚಿದ 1ರಿಂದ 3 ವಾರದೊಳಗೆ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಕಿತ್ತ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಜ್ವರ, ಮೂಗಿನಲ್ಲಿ ರಕ್ತ, ಕುಂಟುವುದು, ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿ. ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಅದು ಉಣುಗಿನಿಂದಲೇ ಬರುವ ಇನ್ನೊಂದು ಕಾಯಿಲೆ ಬೆಬೀಸಿಯೋಸಿಸ್ ಇರಬಹುದು, ಅದಕ್ಕೆ ಔಷಧಿಯೇ ಬೇರೆ. ಕಚ್ಚಿದ ಜಾಗದಲ್ಲಿ ಸಣ್ಣ ಗಂಟು ಕೆಲವು ದಿನ ಉಳಿಯುವುದು ಮಾಮೂಲು, ಅದಕ್ಕೆ ಜಾಸ್ತಿ ಗಾಬರಿ ಬೇಡ.

ಇನ್ನೊಂದು ಮಾತು. ಮನೆಯಲ್ಲಿ ಬೆಕ್ಕೂ ಇದ್ದರೆ ಉಣುಗು ಬಾರದಂತೆ ನಾಯಿಗೆ ಹಚ್ಚುವ ಪರ್ಮೆಥ್ರಿನ್ ಔಷಧಿಯನ್ನು ಅದರ ಹತ್ತಿರಕ್ಕೂ ಒಯ್ಯಬೇಡಿ, ಬೆಕ್ಕಿಗೆ ಅದು ವಿಷ.