ಮುತ್ತಿಗೆ ಒಂದೇ ಮೈಕು

ನ್ಯೂಯಾರ್ಕಿನ ಸಂಗೀತ ನಾಟಕಗಳ ಅಡ್ಡೆಯಾದ ಬ್ರಾಡ್‌ವೇಯಲ್ಲಿ ಹೊಸ ಪ್ರೇಮಕಥೆ ಬರೆಯುವುದು ಅಪಾಯದ ಕೆಲಸ. ಹುಡುಗ ಹುಡುಗಿ ಕೊನೆಗೆ ಒಂದಾಗುತ್ತಾರೋ ಇಲ್ಲವೋ ಎಂಬ ಅನುಮಾನ ಜನಕ್ಕೆ ಬಂದರೆ ದುಡ್ಡು ಹಾಕಿದವರ ನಿದ್ದೆ ಹೋಗುತ್ತದೆ. ಹಾಗಾಗಿ ಎಲ್ಲರೂ ಹತ್ತು ಸಲ ನೋಡಿ ಡೈಲಾಗ್ ಬಾಯಿಪಾಠ ಮಾಡಿಕೊಂಡಿರುವ ಹಾಸ್ಯಚಿತ್ರವನ್ನೇ ತಂದು ಹಾಡು ಕಟ್ಟುತ್ತಾರೆ.

ನೂರು ನಿಮಿಷದ ಸಿನಿಮಾ, ಅದಕ್ಕೆ ಹದಿನೈದಿಪ್ಪತ್ತು ಹಾಡು, ನಡುವೆ 15 ನಿಮಿಷ ಇಂಟರ್ವಲ್; ಎರಡೂವರೆ ಗಂಟೆ ತುಂಬಿತು. ಶುರುವಿನ ಮೂರ್ನಾಲ್ಕು ಹಾಡುಗಳೊಳಗೆ ನಾಯಕಿ ಮುಂದೆ ಬಂದು ತನಗೇನು ಬೇಕೆಂದು ಹಾಡಲೇಬೇಕು. ಸಿನಿಮಾದಲ್ಲಿ ಅಂಗಡಿಯ ಗಾಜಿನೆದುರು ಎರಡು ಸೆಕೆಂಡು ನಿಂತು ಅದನ್ನೇ ಹೇಳಿಬಿಡಬಹುದಿತ್ತು. ಮಾತು ಸಾಲದಾದಾಗ ಹಾಡು, ಹಾಡೂ ಸಾಲದಾದಾಗ ಕುಣಿತ ಎಂಬುದು ಈ ಕಲೆಯ ಹಳೇ ನಿಯಮ. ಈಗ ನಾಯಕ ಟ್ಯಾಕ್ಸಿಗೆ ಕೈ ಅಡ್ಡ ಹಾಕಿದರೂ ಹಿಂದೆ ಹನ್ನೆರಡು ಜನ ಕುಣಿಯುತ್ತಾರೆ.

ಪೆಟ್ಟು ಬೀಳುವುದು ನಗೆಗೆ. ಸಿನಿಮಾದ ಹಾಸ್ಯ ಅರ್ಧ ಹುಟ್ಟುವುದೇ ಎಡಿಟಿಂಗ್‌ನಲ್ಲಿ: ಹುಡುಗ ಸುಳ್ಳು ಹೇಳಿದ, ಕಟ್, ಕ್ಲೋಸಪ್ಪಿನಲ್ಲಿ ಹುಡುಗಿಯ ಹುಬ್ಬು ಕೂದಲೆಳೆಯಷ್ಟು ಮೇಲೆ. ಬಾಲ್ಕನಿಯ ಕೊನೇ ಸಾಲಿಗೆ ಹುಬ್ಬಿರಲಿ, ಮುಖ ಕಂಡರೇ ಪುಣ್ಯ. ಆ ಹುಬ್ಬಿನ ಜಾಗಕ್ಕೆ ಮೂರು ನಿಮಿಷದ ಹಾಡು, ಕೊನೇ ಚರಣಕ್ಕೆ ಶ್ರುತಿ ಅರ್ಧ ಮನೆ ಮೇಲೆ, ಆಮೇಲೆ ಢಂ ಎಂದು ಒಂದೇಟು. ಚಪ್ಪಾಳೆ ಎಲ್ಲಿ ಹೊಡೆಯಬೇಕೆಂದು ಜನಕ್ಕೆ ತಿಳಿಸುವ ಆ ಏಟಿಗೆ ‘ಬಟನ್’ ಅಂತಲೇ ಹೆಸರು. ಬಟ್ಟೆಯ ಬಟನ್ನಿನ ಕಥೆಯೇ ಬೇರೆ. ದೃಶ್ಯಗಳ ನಡುವೆ ಬಟ್ಟೆ ಬದಲಿಸುವ ನಟಿಗೆ ಸೈಡ್‌ವಿಂಗಿನ ಕತ್ತಲಲ್ಲಿ ಸಿಗುವುದು ಕೆಲವೇ ಸೆಕೆಂಡು. ಗುಂಡಿಗಳು ನೋಟಕ್ಕೆ ಮಾತ್ರ, ಒಳಗಿರುವುದು ಜಿಪ್ಪು, ಪ್ರೆಸ್ ಬಟನ್ನು. ಜಿಪ್ಪು ಸಿಕ್ಕಿಕೊಂಡಿತೋ, ಅವಳು ಬರುವವರೆಗೂ ವಾದ್ಯದವರು ಅದೇ ತುಣುಕನ್ನು ಸುತ್ತಿಸುತ್ತಿರುತ್ತಾರೆ. ಇದಕ್ಕೆ ‘ವ್ಯಾಂಪ್’ ಎನ್ನುತ್ತಾರೆ. ಅದನ್ನು ವಿರಹವೆಂದು ತಿಳಿದು ಕರ್ಚೀಫು ತೆಗೆಯುವವರೂ ಉಂಟು.

ಇನ್ನು ಮುತ್ತು. ಮೈಕು ಹಣೆಯಂಚಿನಲ್ಲಿ, ವಿಗ್ಗಿನ ಕೂದಲಡಿ. ಬೆವರು ಇಳಿದರೆ ದನಿ ಕಂಬಳಿ ಹೊದ್ದಂತೆ ಮಂಕು. ಇಬ್ಬರೂ ಅಪ್ಪಿಕೊಂಡಾಗಲಂತೂ ಅವನ ಮಾತು ಅವಳ ಮೈಕಿಗೂ ಹೋಗುತ್ತದೆ, ಕೂದಲೆಳೆ ತಡವಾಗಿ. ಎರಡೂ ಬೆರೆತಾಗ ದನಿಯ ಕೆಲವು ಅಂಶಗಳು ಒಂದನ್ನೊಂದು ಕೊಂದುಕೊಂಡು, ‘ನಿನ್ನ ಬಿಟ್ಟಿರಲಾರೆ’ ಎಂಬುದು ಡಬ್ಬದೊಳಗಿಂದ ಬಂದಂತೆ ಕೇಳುತ್ತದೆ. ಆದ್ದರಿಂದ ತುಟಿ ಸೇರುವ ಹೊತ್ತಿಗೆ ಹಿಂದೆ ಕೂತ ಸೌಂಡಿನವರು ಒಬ್ಬರ ಮೈಕು ಇಳಿಸಿಬಿಡುತ್ತಾರೆ. ಮದುವೆಯಾದ ಮೇಲೆ ಯಾರ ಮಾತು ನಡೆಯಬೇಕೆಂಬುದು ಅಲ್ಲೇ ಇತ್ಯರ್ಥ! ಈ ಅಮರ ಪ್ರೇಮ ವಾರಕ್ಕೆ ಎಂಟು ಸಲ.

1990ರ ‘ಪ್ರಿಟಿ ವುಮನ್’ ಚಿತ್ರವನ್ನು 2018ರಲ್ಲಿ ಬ್ರಾಡ್‌ವೇಗೆ ತಂದಾಗ ಹೊಸ ಹಾಡುಗಳನ್ನು ಕಟ್ಟಿದ್ದು ರಾಕ್ ಗಾಯಕ ಬ್ರಯಾನ್ ಆಡಮ್ಸ್ ಮತ್ತು ಅವರ ಹಾಡಿನ ಜೊತೆಗಾರ ಜಿಮ್ ವ್ಯಾಲನ್ಸ್. ಚಿತ್ರದ ಹೆಸರಿಗೆ ಕಾರಣವಾದ ‘ಓ, ಪ್ರಿಟಿ ವುಮನ್’ ಎಂಬ ಹಳೇ ಹಾಡೇ ಶುರುವಿನಲ್ಲಿ ನಾಟಕದಲ್ಲಿ ಇರಲಿಲ್ಲ. ಮದುವೆಮನೆ ಸಿಂಗಾರಗೊಂಡಿದೆ, ಮದುಮಗಳು ಮಾತ್ರ ಇಲ್ಲ. ಆಮೇಲೆ ಅದನ್ನು ಸೇರಿಸಿದರು, ಕಥೆ ಮುಗಿದು ಕಲಾವಿದರು ನಮಸ್ಕಾರ ಮಾಡುವಾಗ.

ಸಂಸಾರ ಇಲ್ಲಿಗೆ ಮುಗಿಯುವುದಿಲ್ಲ. 1967ರ ‘ದಿ ಪ್ರೊಡ್ಯೂಸರ್ಸ್’ ಸಿನಿಮಾ 2001ರಲ್ಲಿ ಸಂಗೀತ ನಾಟಕವಾಯಿತು. 2005ರಲ್ಲಿ ಆ ನಾಟಕ ಮತ್ತೆ ಸಿನಿಮಾ ಆಯಿತು. ‘ಮೀನ್ ಗರ್ಲ್ಸ್’ ಕೂಡ 2004ರಲ್ಲಿ ಚಿತ್ರ, 2018ರಲ್ಲಿ ಬ್ರಾಡ್‌ವೇ ನಾಟಕ, 2024ರಲ್ಲಿ ಪುನಃ ಚಿತ್ರ. ಇಷ್ಟೆಲ್ಲ ಸುತ್ತಿ ಬಂದ ಆ ಕೊನೇ ಚಿತ್ರದ ಮೊದಲ ಟ್ರೇಲರ್‌ನಲ್ಲಿ ಒಬ್ಬರೂ ಹಾಡುವುದಿಲ್ಲ. ಹಾಡಿದೆಯೆಂದು ಗೊತ್ತಾದರೆ ಜನ ಬರುವುದಿಲ್ಲವಂತೆ.