ಮಾಡೆಲ್ ಆಫೀಸ್‌ನಲ್ಲಿ, ಮೇಸ್ತ್ರಿ ಸ್ಲ್ಯಾಬ್ ಮೇಲೆ

ಸ್ಲ್ಯಾಬ್ ಹಾಕಿ ಹನ್ನೊಂದು ದಿನ ಆದಮೇಲೆ ಗೊತ್ತಾಯಿತು, ಟಾಯ್ಲೆಟ್ ಪೈಪ್ ಹಾದುಹೋಗಲು ಸ್ಲ್ಯಾಬ್‌ನಲ್ಲಿ ಬಿಟ್ಟಿದ್ದ ಕೊಳವೆ, ಅಂದರೆ ಸ್ಲೀವ್, ಒಂದೂವರೆ ಅಡಿ ಆಚೆ ಕೂತಿದೆ ಅಂತ. ಮೇಸ್ತ್ರಿಯನ್ನು ಕೇಳಿದೆ. ಜೇಬಿನಿಂದ ನಾಲ್ಕು ಮಡಿಕೆಯ ಡ್ರಾಯಿಂಗ್ ತೆಗೆದರು. ಬೆವರು, ಸಿಮೆಂಟ್ ಧೂಳು ಮೆತ್ತಿ ಅರ್ಧ ಗೆರೆ ಅಳಿಸಿಹೋಗಿತ್ತು. ಮೂಲೆಯಲ್ಲಿ ಆರ್2 ಅಂತ ಇತ್ತು, ಅಂದರೆ ಎರಡನೇ ತಿದ್ದುಪಡಿ. ಆರ್4 ಬಂದು ಆಗಲೇ ಮೂರು ವಾರ. ಎಲ್ಲಿಗೆ ಬಂದಿತ್ತು? ವಾಟ್ಸಾಪ್ ಗ್ರೂಪ್‌ಗೆ, ಎರಡು ಗುಡ್ ಮಾರ್ನಿಂಗ್ ಮೆಸೇಜ್‌ಗಳ ನಡುವೆ. ಮೇಸ್ತ್ರಿ ಆ ಗ್ರೂಪ್‌ನಲ್ಲೇ ಇರಲಿಲ್ಲ.

ಆ ಕಟ್ಟಡಕ್ಕೆ ಪೂರ್ತಿ 3ಡಿ ಮಾಡೆಲ್ ಇತ್ತು. ಬಿಮ್ (ಬಿಲ್ಡಿಂಗ್ ಇನ್ಫರ್ಮೇಶನ್ ಮಾಡೆಲಿಂಗ್) ಅಂತಾರಲ್ಲ, ಅದೇ: ಕಟ್ಟಡದ ಪ್ರತಿ ಭಾಗದ ಜಾಗ, ಅಳತೆ, ವಿವರ ಎಲ್ಲ ಕಂಪ್ಯೂಟರ್‌ನಲ್ಲಿ. ಅದರಲ್ಲಿ ಸ್ಲೀವ್ ಸರಿಯಾದ ಜಾಗದಲ್ಲೇ ಇತ್ತು! ನಾವು ಮಾತ್ರ ಕೋರ್ ಕಟಿಂಗ್ ಮಿಷಿನ್ ತರಿಸಿ, ಹೊಸ ಸ್ಲ್ಯಾಬನ್ನು ಕಂಬಿ ಸಮೇತ ಕೊರೆದೆವು.

ಕಟ್ಟಡ ಉದ್ಯಮ ಹಿಂದುಳಿದಿದೆ ಅನ್ನೋದು ಹೊಸ ಮಾತೇನಲ್ಲ. ಮೆಕಿನ್ಸೆ ಅನ್ನೋ ಸಲಹಾ ಸಂಸ್ಥೆಯ 2017ರ ವರದಿ ಪ್ರಕಾರ, ಅದಕ್ಕೂ ಹಿಂದಿನ ಎರಡು ದಶಕದಲ್ಲಿ ಈ ಉದ್ಯಮದ ಉತ್ಪಾದಕತೆ ವರ್ಷಕ್ಕೆ ಸುಮಾರು 1% ಮಾತ್ರ ಏರಿದೆ. ಜಗತ್ತಿನ ಒಟ್ಟು ಆರ್ಥಿಕತೆಯಲ್ಲಿ ಅದು 2.8%. ಅಭಿವೃದ್ಧಿಶೀಲ ದೇಶಗಳ ಸೈಟ್‌ಗಳಿಗೆ ಬಿಮ್‌ನಂಥ ತಂತ್ರಜ್ಞಾನ ಯಾಕೆ ಬಂದಿಲ್ಲ ಅಂದರೆ ಕಾರಣಗಳ ಪಟ್ಟಿ ರೆಡಿ ಇರುತ್ತದೆ: ದುಡ್ಡಿಲ್ಲ, ತರಬೇತಿ ಇಲ್ಲ, ನೆಟ್‌ವರ್ಕ್ ಇಲ್ಲ. ಸುಳ್ಳಲ್ಲ. ಹತ್ತು ಜನ ಇಟ್ಟುಕೊಂಡು ಕೆಲಸ ಮಾಡುವ ಗುತ್ತಿಗೆದಾರ ಸಾಫ್ಟ್‌ವೇರ್‌ಗೆ ಪ್ರತಿ ವರ್ಷ ಡಾಲರ್ ಲೆಕ್ಕದಲ್ಲಿ ಕಟ್ಟೋದು ಸುಲಭವಲ್ಲ. ಇವತ್ತು ಇಲ್ಲಿದ್ದ ಕೆಲಸಗಾರ ಮುಂದಿನ ತಿಂಗಳು ಇನ್ನೊಬ್ಬರ ಸೈಟ್‌ನಲ್ಲಿರುತ್ತಾನೆ, ಅವನಿಗೆ ಕಲಿಸೋರು ಯಾರು?

ಆದರೆ ಬರೀ ಇದೇ ಕಾರಣ ಅಂದರೆ ನಾನು ಒಪ್ಪಲ್ಲ. ಮಾಡೆಲ್ ಮಾಡಲು ವಾರಗಟ್ಟಲೆ ಕೂರೋದು ಡಿಸೈನರ್. ಅದರಿಂದ ಒಡೆದು ಮತ್ತೆ ಕಟ್ಟೋ ಕೆಲಸ ತಪ್ಪೋದು ಗುತ್ತಿಗೆದಾರನಿಗೆ. ಮೂವತ್ತು ವರ್ಷ ರಿಪೇರಿ ಖರ್ಚು ಉಳಿಯೋದು ಮಾಲೀಕನಿಗೆ. ಡಿಸೈನರ್ ಫೀಸ್ ಮಾತ್ರ ಹಳೆಯದೇ! ಸುಮ್ನೆ ಯಾರಾದರೂ ಮಾಡ್ತಾರಾ? ಬ್ರಿಟನ್‌ನಲ್ಲಿ 2016ರಿಂದ ಕೇಂದ್ರ ಸರ್ಕಾರದ ಕಾಮಗಾರಿಗಳಿಗೆ ಬಿಮ್ ಕಡ್ಡಾಯವಾಯಿತು. ದುಡ್ಡು ಕೊಡೋನೇ ಬೇಕು ಅಂತ ಕೂತ, ಉಳಿದವರು ಕಲಿತರು. ಬ್ರೆಜಿಲ್ ಕೂಡ 2020ರಲ್ಲಿ ಆದೇಶ ಹೊರಡಿಸಿ, 2021ರಿಂದ ಹಂತ ಹಂತವಾಗಿ ಶುರು ಮಾಡಿತು. ಹಂತ ಹಂತ ಅನ್ನೋದೇ ಮುಖ್ಯ. ನಾಳೆಯಿಂದ ಎಲ್ಲರೂ ಮಾಡಿ ಅಂದರೆ, ಟೆಂಡರ್‌ಗೆ ಲಗತ್ತಿಸಲು ಒಂದು ಮಾಡೆಲ್, ಕಟ್ಟಲು ಇನ್ನೊಂದು ಡ್ರಾಯಿಂಗ್ ಆಗುತ್ತದೆ, ಅಷ್ಟೇ.

ಇನ್ನೊಂದು ಕಾರಣ ಇದೆ, ಯಾವ ಪಟ್ಟಿಯಲ್ಲೂ ಸುಲಭಕ್ಕೆ ಸಿಗಲ್ಲ. ಪಾಯ ತೋಡಿ, ಕಟ್ಟಿ, ಮಣ್ಣು ಮುಚ್ಚಿದ ಮೇಲೆ ಗುಂಡಿ ಎರಡು ಮೀಟರ್ ಇತ್ತಾ, ಒಂದೂಮುಕ್ಕಾಲು ಇತ್ತಾ ಅಂತ ಯಾರು ಹೇಳ್ತಾರೆ? ಬಿಲ್ ಮಾಡೋಕೆ ಬರೆಯೋ ಅಳತೆ ಪುಸ್ತಕ ಹೇಳಿದ್ದೇ ಸತ್ಯ. ಮುಚ್ಚುವ ಮೊದಲು ಒಂದು ಡ್ರೋನ್ ಸರ್ವೆ ಮಾಡಿಸಿ, ಎಷ್ಟು ಮಣ್ಣು ತೆಗೆದಿದ್ದಾರೆ ಅಂತ ಲೆಕ್ಕ ಸಿಗುತ್ತದೆ. ಆ ಕಾಲು ಮೀಟರ್‌ನಲ್ಲಿ ಸಂಸಾರ ನಡೆಸೋರಿಗೆ ಡ್ರೋನ್ ಯಾವಾಗಲೂ ದುಬಾರಿ. ಎಲ್ಲರೂ ಹಾಗೇ ಅಂತ ನಾನು ಹೇಳುತ್ತಿಲ್ಲ. ಆದರೆ ‘ತಾಂತ್ರಿಕ ತೊಂದರೆ’ ಅನ್ನೋ ಮಾತು ಕೇಳಿದಾಗಲೆಲ್ಲ ನನಗೆ ಆ ಗುಂಡಿ ನೆನಪಾಗುತ್ತದೆ.

ಸಣ್ಣವರಿಗೆ ದಾರಿ ಇಲ್ಲ ಅಂತಲೂ ಅಲ್ಲ. 3ಡಿ ಮಾಡೆಲ್ ಮಾಡೋ ಫ್ರೀಕ್ಯಾಡ್ ಅನ್ನೋ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಐಎಫ್‌ಸಿ ಅನ್ನೋ ಮುಕ್ತ ಫೈಲ್ ಮಾದರಿ ಇದೆ, ಒಂದೇ ಕಂಪನಿಗೆ ಗಂಟು ಬೀಳಬೇಕಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಕೈಯಲ್ಲಿ ಫೋನ್ ಇದೆ. ಕಾಂಕ್ರೀಟ್ ಹಾಕುವ ಮೊದಲು ಕಂಬಿಯ ಫೋಟೋ, ಟೇಪ್ ಇಟ್ಟು, ತಾರೀಖು ಕಾಣೋ ಹಾಗೆ. ಇಷ್ಟು ಮಾಡಿದರೂ ಅರ್ಧ ಜಗಳ ಕಡಿಮೆ, ಅಲ್ವಾ?

ಸ್ಲೀವ್ ಪ್ರಕರಣ ಆದಮೇಲೆ ನಾವು ಪ್ರತಿ ಮಹಡಿಯ ಮೆಟ್ಟಿಲ ಹತ್ತಿರ ಒಂದು ಕ್ಯೂಆರ್ ಕೋಡ್ ಅಂಟಿಸಿದೆವು. ಸ್ಕ್ಯಾನ್ ಮಾಡಿದರೆ ಆ ಮಹಡಿಯ ಕೊನೆಯ ಡ್ರಾಯಿಂಗ್ ಮಾತ್ರ ತೆರೆಯುತ್ತದೆ, ಹಳೆಯದು ಸಿಗೋದೇ ಇಲ್ಲ. ಮೇಸ್ತ್ರಿಗೆ ಇದು ಒಗ್ಗುತ್ತದೆಯಾ ಅಂತ ನನಗೇ ಅನುಮಾನ ಇತ್ತು. ಎರಡನೇ ವಾರ ನಾನು ಪ್ರಿಂಟ್ ಹಿಡಿದು ಮೇಲೆ ಹೋದೆ. ಅವರು ಫೋನ್ ನೋಡಿದರು, ನನ್ನ ಕೈಯಲ್ಲಿದ್ದ ಹಾಳೆ ನೋಡಿದರು.

"ಸಾರ್, ಇದರಲ್ಲಿ ಆರ್6 ತೋರಿಸ್ತಿದೆ. ನೀವು ತಂದಿರೋದು ಆರ್5."